ಅಮ್ಮ ಅಂದ ಆ ‘ಹೂಂ’

ಮಂಗಳವಾರದಿಂದ ಆ ಒಂದು ‘ಹೂಂ’ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಅಮ್ಮನ ಮಂಡಿ ಆಪರೇಷನ್ ದಿನ. ವಾರ್ಡಿಗೆ ಬಂದ ಕಿರಿಯ ಡಾಕ್ಟರು ಕೇಸ್‌ಶೀಟಿನಿಂದ ಕಣ್ಣೆತ್ತದೆ, "ಎಡಗಾಲು ಅಲ್ವಾ ಅಮ್ಮಾ?" ಅಂದರು. ಅಮ್ಮ "ಹೂಂ" ಅಂದಳು. ವರ್ಷಗಟ್ಟಲೆ ನೋಯುತ್ತಿದ್ದದ್ದು ಬಲಗಾಲು. ನಾನು ಪಕ್ಕದಲ್ಲೇ ಎಕ್ಸ್‌ರೇ ಕವರ್ ಜೋಡಿಸುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರು ಟಿಕ್ ಹಾಕಿಕೊಂಡು ಹೋದರು.

ಥಿಯೇಟರ್ ಬಾಗಿಲಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಸ್ಟ್ರೆಚರ್ ನಿಲ್ಲಿಸಿದರು. ಕಾಗದವನ್ನು ಕಂಕುಳಲ್ಲಿಟ್ಟುಕೊಂಡು, ಬಗ್ಗಿ, "ನಿಮ್ಮ ಹೆಸರೇನಮ್ಮಾ? ಇವತ್ತು ಏನು ಆಪರೇಷನ್, ಯಾವ ಕಾಲಿಗೆ? ನೀವೇ ಕೈಯಿಟ್ಟು ತೋರಿಸಿ" ಅಂದರು. ಅಮ್ಮನ ಕೈ ಸೀದಾ ಬಲ ಮಂಡಿಗೆ ಹೋಯಿತು. ಸಿಸ್ಟರ್ ಕಾಗದ ತೆಗೆದು ನೋಡಿದರು. ಆಮೇಲೆ 20 ನಿಮಿಷ ಸ್ಟ್ರೆಚರ್ ಅಲ್ಲಿಂದ ಅಲುಗಲಿಲ್ಲ. ಸರ್ಜನ್ ಬಂದು, ಎಕ್ಸ್‌ರೇ ನೋಡಿ, ಅಮ್ಮನನ್ನು ಮತ್ತೆ ಕೇಳಿ, ಬಲ ಮಂಡಿಯ ಮೇಲೆ ತಾವೇ ಗುರುತು ಹಾಕಿದರು.

ಎಚ್ಚರವಾದ ಮೇಲೆ ಕೇಳಿದೆ, "ಯಾಕಮ್ಮಾ ಹೂಂ ಅಂದೆ?"

"ಅಷ್ಟು ಓದಿದವರು ಹೇಳ್ತಿದಾರೆ, ಅಲ್ಲ ಅನ್ನೋದು ಹೇಗೆ? ಮೊದಲು ಎಡಗಾಲು ನೋಡಿ ಆಮೇಲೆ ಇದಕ್ಕೆ ಬರ್ತಾರೇನೋ ಅಂದ್ಕೊಂಡೆ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ಡ್ಯೂಟಿ ಮಾಡಿದ ಮುಖ ಅದು. ಆದರೆ ಉತ್ತರವನ್ನೂ ತಾನೇ ಸೇರಿಸಿ ಕೇಳಿದರೆ ಅಮ್ಮನಂಥವರು ಹೂಂ ಅನ್ನದೆ ಇನ್ನೇನು ಅಂದಾರು? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಸುರಕ್ಷತೆಗೆಂದು 19 ಅಂಶಗಳ ಪಟ್ಟಿ ತಂದಿತು. ಅದರ ಮೊದಲ ಅಂಶವೇ ಇದು: ಅರಿವಳಿಕೆಗೆ ಮುಂಚೆ ರೋಗಿಯೇ ತಾನು ಯಾರು, ದೇಹದ ಯಾವ ಭಾಗಕ್ಕೆ, ಯಾವ ಆಪರೇಷನ್ ಎಂದು ದೃಢಪಡಿಸಬೇಕು. 8 ನಗರಗಳ ಆಸ್ಪತ್ರೆಗಳಲ್ಲಿ ಇಡೀ ಪಟ್ಟಿಯನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತೆಂದು 2009ರಲ್ಲಿ ವರದಿಯಾಯಿತು. ಇವನ್ನೆಲ್ಲ ನಾನು ಓದಿದ್ದು ಮಂಗಳವಾರ ರಾತ್ರಿ, ಅಮ್ಮನ ಮಂಚದ ಪಕ್ಕ ಕೂತು. ಮೊದಲೇ ಓದಿದ್ದರೆ "ಅಲ್ಲ ಡಾಕ್ಟ್ರೇ, ಬಲಗಾಲು" ಅನ್ನುವ ಮೂರು ಮಾತು ನನ್ನ ಬಾಯಿಂದಾದರೂ ಬರುತ್ತಿತ್ತೇನೋ. ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಗೊತ್ತಿರಬೇಕಾದ ಬೇರೆ ಸಂಗತಿಗಳೂ ಇವೆ: ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ, ಅಲ್ಲಾಡುವ ಹಲ್ಲು. ಯಾವುದರ ಬಗ್ಗೆಯೂ ನಾವಾಗಿ ಹೇಳಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದೆವು.

ನಿನ್ನೆ ಆ ಸಿಸ್ಟರನ್ನು ಹುಡುಕಿಕೊಂಡು ಹೋಗಿ ಕೈಮುಗಿದೆ. "ಎಲ್ಲರನ್ನೂ ಹಾಗೇ ಕೇಳೋದಮ್ಮಾ" ಅಂದವರೇ ಇನ್ನೊಂದು ಸ್ಟ್ರೆಚರ್ ಕಡೆ ಬಗ್ಗಿದರು: "ನಿಮ್ಮ ಹೆಸರು ಹೇಳಿ ಯಜಮಾನ್ರೇ."