ಇವಿಗೆ ಟ್ರೈಲರ್ ಕಟ್ಟಿ ಹೊರಡುವ ಮುನ್ನ

ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರಿಗೆ (ಇವಿ) ಕ್ಯಾಂಪಿಂಗ್ ಟ್ರೈಲರ್, ಅಂದರೆ ಒಳಗೇ ಮಲಗಬಹುದಾದ, ಹಿಂದೆ ಎಳೆದೊಯ್ಯುವ ಗಾಡಿ, ಕಟ್ಟಬೇಕು ಅನ್ನುವವರು ಎಳೆಯುವ ಶಕ್ತಿಯ ಬಗ್ಗೆ ಚಿಂತೆ ಮಾಡಬೇಡಿ. ಟೆಸ್ಲಾ ಮಾಡೆಲ್ ವೈ ಸುಮಾರು 1,600 ಕೆ.ಜಿ. ಎಳೆಯುತ್ತದೆ, ರಿವಿಯನ್ ಆರ್1ಟಿ ಅನ್ನುವ ಎಲೆಕ್ಟ್ರಿಕ್ ಪಿಕಪ್ ಸುಮಾರು 5,000. ತೊಂದರೆ ಇರುವುದು ರೇಂಜ್‌ನಲ್ಲಿ, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರದಲ್ಲಿ. ಎತ್ತರದ ಡಬ್ಬಿಯಂಥ ಟ್ರೈಲರ್ ಹೈವೇ ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಬೇಕಲ್ವಾ, ಹಾಗಾಗಿ ರೇಂಜ್ ಅರ್ಧಕ್ಕೆ ಇಳಿಯುವುದೂ ಉಂಟು. ತೂಕಕ್ಕಿಂತ ಆಕಾರವೇ ಜಾಸ್ತಿ ಕಾಡುತ್ತದೆ. ಸ್ವಲ್ಪ ನಿಧಾನ ಓಡಿಸಿ, ವ್ಯತ್ಯಾಸ ಗೊತ್ತಾಗುತ್ತದೆ.

ನನಗೆ ಸಿಟ್ಟು ಬರುವುದು ಚಾರ್ಜಿಂಗ್ ಜಾಗಗಳ ಮೇಲೆ. ಹೆಚ್ಚಿನವು ಬರೀ ಕಾರಿನ ಅಳತೆಗೆ ಮಾಡಿದವು. ಟ್ರೈಲರ್ ಬಿಚ್ಚಿ ಪಕ್ಕಕ್ಕಿಟ್ಟು, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು, ಮಳೆ ಸುರಿಯುತ್ತಿದ್ದರೂ, ಮಕ್ಕಳು ಹಸಿದು ಅಳುತ್ತಿದ್ದರೂ. ಪೆಟ್ರೋಲ್ ಬಂಕಿನ ಹಾಗೆ ಒಂದು ಕಡೆ ಒಳಬಂದು ಇನ್ನೊಂದು ಕಡೆ ಹೊರಹೋಗುವ ಜಾಗ ಬೇಕೇ ಬೇಕು. ಸದ್ಯಕ್ಕೆ 50 ಆಂಪಿಯರ್ ಪ್ಲಗ್ ಇರುವ, ಹತ್ತಿರದ ಕ್ಯಾಂಪ್‌ಗ್ರೌಂಡ್ ಹುಡುಕಿ, ರಾತ್ರಿಯಿಡೀ ಅಲ್ಲೇ ಚಾರ್ಜ್ ಆಗುತ್ತದೆ.