ಸ್ಕಾಲರ್‌ಶಿಪ್ಪೂ ಅಸಿಸ್ಟೆಂಟ್‌ಶಿಪ್ಪೂ ಒಟ್ಟಿಗೆ ಸಿಗುತ್ತಾ?

ಅಮೆರಿಕಕ್ಕೆ ಓದಲು ಹೊರಟ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ-ಅಮ್ಮಂದಿರು, ನನ್ನನ್ನು ಕೇಳುವುದು ಇದನ್ನೇ: "ಯೂನಿವರ್ಸಿಟಿಯವರು ಅಸಿಸ್ಟೆಂಟ್‌ಶಿಪ್ ಕೊಡ್ತಾರಂತೆ, ಇಲ್ಲಿಂದಲೂ ಒಂದು ಸ್ಕಾಲರ್‌ಶಿಪ್ ಆಗೋ ಹಾಗಿದೆ. ಎರಡನ್ನೂ ತಗೋಬಹುದಲ್ವಾ ಸರ್?"

ಅಸಿಸ್ಟೆಂಟ್‌ಶಿಪ್ ಅಂದರೆ ಪಾಠಕ್ಕೋ ಸಂಶೋಧನೆಗೋ ನೆರವಾಗಿ ದುಡಿದು ಯೂನಿವರ್ಸಿಟಿಯಿಂದ ಪಡೆಯುವ ಹಣ. ಎರಡನ್ನೂ ಎಷ್ಟೋ ಸಲ ತಗೋಬಹುದು. ಆದರೆ ಎರಡೂ ಪೂರ್ತಿಯಾಗಿ ಕೈಗೆ ಬರುವುದು ಅಪರೂಪ. ಒಂದು ಏರಿದಷ್ಟು ಇನ್ನೊಂದು ಇಳಿಯುತ್ತದೆ.

ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪನ್ನೇ ನೋಡಿ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮನೆಯ ಮಕ್ಕಳಿಗೆ ಇರುವ ಯೋಜನೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ದಾಟಬಾರದು. ಫೀಸು, ವಿಮಾನದ ಟಿಕೆಟ್, ಜೀವನ ಭತ್ಯೆ ಎಲ್ಲ ಸರ್ಕಾರದ್ದೇ. ಆದರೆ ಮಾರ್ಗಸೂಚಿಯಲ್ಲಿ ನಾನು ಕಂಡ ನಿಯಮ ಹೀಗಿತ್ತು: ಅಸಿಸ್ಟೆಂಟ್‌ಶಿಪ್ಪಿನಿಂದ ವರ್ಷಕ್ಕೆ 2,400 ಡಾಲರ್‌ವರೆಗೆ ಸಂಪಾದಿಸಬಹುದು, ಅದನ್ನು ಮೀರಿದ್ದನ್ನು ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ. ಅಂದರೆ ತಿಂಗಳಿಗೆ 200 ಡಾಲರ್. ಮೈಮುರಿದು ದುಡಿಯುವವನು ಹುಡುಗ, ಉಳಿತಾಯ ಮಾತ್ರ ಖಜಾನೆಗೆ. ನನಗಂತೂ ಇದು ಜಿಪುಣತನ ಅನ್ನಿಸುತ್ತದೆ. ಹೊರಡುವ ಮುಂಚೆ ಆ ವರ್ಷದ ಮಾರ್ಗಸೂಚಿ ತೆಗೆದು ಓದಿ.

ಪಿಎಚ್‌ಡಿಯವರ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಟಿಎ (ಬೋಧನಾ ಸಹಾಯಕ) ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಕೆಲಸ, ಬದಲಿಗೆ ಟ್ಯೂಷನ್ ಮನ್ನಾ ಮತ್ತು ಸ್ಟೈಪೆಂಡ್, ಅಂದರೆ ಜೀವನ ಖರ್ಚಿಗೆ ಹಣ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸದ ಮಿತಿಯೂ ಆ 20 ಗಂಟೆಯೇ, ಹಾಗಾಗಿ ಇನ್ನೊಂದು ಕೆಲಸದ ಮಾತೇ ಇಲ್ಲ. ಈಗ ಹೊರಗಿನಿಂದ ಫೆಲೋಶಿಪ್ ಬಂತು ಅನ್ನಿ. ಸ್ಟೈಪೆಂಡ್ 30,000 ಡಾಲರ್, ಫೆಲೋಶಿಪ್ 20,000 ಆದರೆ ಕೈಗೆ 50,000 ಬರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ವಿಭಾಗಗಳು ಬಾಕಿ 10,000 ಮಾತ್ರ ತುಂಬಿಕೊಡುತ್ತವೆ. ಆದರೂ ಬಿಡಬೇಡಿ. ಫೆಲೋಶಿಪ್ಪಿನಿಂದ ಟಿಎ ಕೆಲಸ ತಪ್ಪಿದರೆ, ಅಂಡರ್‌ಗ್ರಾಜುಯೇಟ್ ಹುಡುಗರ ಉತ್ತರಪತ್ರಿಕೆ ತಿದ್ದುತ್ತ ಕಳೆಯುವ ಸಂಜೆಗಳು ನಿಮ್ಮ ಸಂಶೋಧನೆಗೆ ಸಿಗುತ್ತವೆ.

ಅಪಾಯ ಇರುವುದು ಬೇರೆ ಕಡೆ. ಟ್ಯೂಷನ್ ಮನ್ನಾ, ಆರೋಗ್ಯ ವಿಮೆ ಎರಡೂ ಎಷ್ಟೋ ಕಡೆ ಅಂಟಿಕೊಂಡಿರುವುದು ಆ ಕೆಲಸಕ್ಕೆ. ಕೆಲಸ ಹೋದರೆ ಅವನ್ನು ಯಾರು ಕಟ್ಟುತ್ತಾರೆ? ಫೆಲೋಶಿಪ್ಪಿನವರೋ, ವಿಭಾಗವೋ, ನೀವೋ? ಇದನ್ನು ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ಎಂಎಸ್‌ಗೆ ಸಿಗುವುದು ಬಹುಪಾಲು ಫೀಸಿನಲ್ಲಿ ರಿಯಾಯಿತಿ, ಉಳಿದದ್ದು ಬ್ಯಾಂಕ್ ಸಾಲ. ಇಲ್ಲಿ ಮಾತ್ರ ಸ್ಕಾಲರ್‌ಶಿಪ್ ನಿಮ್ಮ ಪರ. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನಿನ ಮಾದರಿ ಯೋಜನೆಯ ಪ್ರಕಾರ ವಿದೇಶಿ ಓದಿಗೆ 4 ಲಕ್ಷ ಮೀರಿದ ಸಾಲಕ್ಕೆ ಶೇ. 15 ಮಾರ್ಜಿನ್, ಅಂದರೆ ಖರ್ಚಿನಲ್ಲಿ ನಿಮ್ಮ ಪಾಲು, ಮನೆಯಿಂದ ಹಾಕಬೇಕು. ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ ಹಣವನ್ನೂ ಆ ಮಾರ್ಜಿನ್‌ಗೆ ಲೆಕ್ಕ ಹಿಡಿಯಬಹುದು. ಮ್ಯಾನೇಜರ್ ತಾವಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ, ಸ್ಕಾಲರ್‌ಶಿಪ್ ಪತ್ರ ಮುಂದಿಡಿ.

ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಅಲ್ಲಿನ ಸರ್ಕಾರದ ಫೆಡರಲ್ ಸಾಲ ಸಿಗುತ್ತದೆ, ಎಫ್-1ನವರಿಗೆ ಇಲ್ಲ. ಒಟ್ಟು ನೆರವು ಓದಿನ ಅಂದಾಜು ಖರ್ಚನ್ನು ಮೀರುವಂತಿಲ್ಲವಾದ್ದರಿಂದ, ಹೊರಗಿನ ಸ್ಕಾಲರ್‌ಶಿಪ್ ಬಂದಾಗ ಅವರಿಗೆ ಸಾಮಾನ್ಯವಾಗಿ ಇಳಿಯುವುದು ಸಾಲ. ಇಳಿಯಲಿ ಬಿಡಿ.

ಪಿಎಚ್‌ಡಿ ನೆರವಿನ ಆಫರ್‌ಗೆ ಉತ್ತರ ಕೊಡಲು ಬಹಳಷ್ಟು ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅಷ್ಟರೊಳಗೆ ವಿಭಾಗದ ಕೋಆರ್ಡಿನೇಟರ್‌ಗೆ ಬರೆಯಿರಿ: "ಹೊರಗಿನ ಫೆಲೋಶಿಪ್ ಬಂದರೆ ಸ್ಟೈಪೆಂಡ್, ಟ್ಯೂಷನ್, ವಿಮೆ ಏನಾಗುತ್ತದೆ?" ಉತ್ತರ ಇಮೇಲಿನಲ್ಲೇ ಬರಲಿ. ಜೂಮ್‌ನಲ್ಲಿ "ಡೋಂಟ್ ವರಿ" ಅಂದದ್ದು ಲೆಕ್ಕಕ್ಕಿಲ್ಲ.