ಜರ್ಮನಿಯಲ್ಲಿ ದಂಡಕ್ಕೂ ದಿನಗೂಲಿ ಲೆಕ್ಕ

"ನಿನ್ನನ್ನ ಜೈಲಿಗೆ ಗೀಲಿಗೆ ಹಾಕ್ತಾರೇನೇ?" ಅಂತ ಸೋದರಮಾವ ಕೇಳಿದಾಗ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಬಸವನಗುಡಿಯ ನಮ್ಮ ಮನೆ, ರಜೆಗೆ ಬಂದು ಎರಡನೇ ದಿನ. ಮಾವ ಆಡಿಟರು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಅಂಗಡಿಯವರ ರಿಟರ್ನ್ ಬರೆದುಕೊಂಡು ಬಂದವರು.

ನಡೆದದ್ದಿಷ್ಟು. ಮ್ಯೂನಿಕ್‌ಗೆ ಹೋದ ಮೇಲೆ ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಎಫ್‌ಡಿ, ಅಂದರೆ ಹೊರದೇಶದಲ್ಲಿರುವ ಭಾರತೀಯರ ಠೇವಣಿ, ಇಟ್ಟಿದ್ದೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಇಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ ಅಂದುಕೊಂಡಿದ್ದೇ ನನ್ನ ದಡ್ಡತನ. ಜರ್ಮನಿಯಲ್ಲಿ ವಾಸವಿದ್ದವರು ಪ್ರಪಂಚದ ಯಾವ ಮೂಲೆಯಲ್ಲಿ ಬಂದ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ಅದೂ ಅಲ್ಲದೆ 2017ರಿಂದ ಎರಡೂ ದೇಶ ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ತಪ್ಪು ಗೊತ್ತಾದ ಕೂಡಲೇ ತಡಮಾಡದೆ ತಿಳಿಸುವುದು ಅಲ್ಲಿ ಕಾನೂನಿನ ಕರ್ತವ್ಯ. ನಾನೇ ಬರೆದು ತಿಳಿಸಿದೆ, ಲೆಕ್ಕ ಕೊಟ್ಟೆ, ತೆರಿಗೆಯನ್ನೂ ಅದರ ಮೇಲಿನ ಬಡ್ಡಿಯನ್ನೂ ಕಟ್ಟಿದೆ. ಗೊತ್ತಿಲ್ಲದೆ ಆದ ತಪ್ಪು ಅಂತ ಒಪ್ಪಿಕೊಂಡರು. ಆದರೆ ಉತ್ತರ ಬರುವವರೆಗಿನ ಆರು ವಾರ ನಿದ್ದೆಯಿಲ್ಲದೆ ಆ ದೇಶದ ತೆರಿಗೆ ಕ್ರಿಮಿನಲ್ ಕಾನೂನನ್ನೇ ಓದಿದ್ದೆ. ಮಾವನಿಗೆ ಹೇಳಿದ್ದು ಅದನ್ನೇ.

ತೆರಿಗೆ ವಂಚನೆಗೆ ಅಲ್ಲಿ ದಂಡ ಅಥವಾ ಐದು ವರ್ಷದವರೆಗೆ ಜೈಲು. ಪ್ರಕರಣ ತೀರಾ ಗಂಭೀರವಾದರೆ ಆರು ತಿಂಗಳಿಂದ ಹತ್ತು ವರ್ಷ. ಇದರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಅಲ್ಲಿನ ಫೆಡರಲ್ ಸರ್ವೋಚ್ಚ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ಗೆರೆ ಎಳೆಯಿತು. ಕದ್ದ ತೆರಿಗೆ ಒಂದು ಲಕ್ಷ ಯೂರೊ ದಾಟಿದರೆ ಬರೀ ದಂಡ ಹಾಕಿ ಬಿಡಲು ಗಟ್ಟಿ ಕಾರಣ ಬೇಕು. ಹತ್ತು ಲಕ್ಷ ದಾಟಿದರೆ, ಜೈಲುಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಲು ಇನ್ನೂ ಗಟ್ಟಿಯಾದ ಕಾರಣ ಬೇಕು. ಎರಡು ವರ್ಷ ಮೀರಿದ ಶಿಕ್ಷೆಯನ್ನಂತೂ ಅಮಾನತಿನಲ್ಲಿಡಲು ಬರುವುದೇ ಇಲ್ಲ. ತಪ್ಪೊಪ್ಪಿಗೆ, ಬಾಕಿ ಕಟ್ಟಿದ್ದು, ಸುಳ್ಳು ದಾಖಲೆ ಸೃಷ್ಟಿಸಿದ್ದು, ಎಷ್ಟು ವರ್ಷ ಹಳೆಯದು, ಎಲ್ಲವನ್ನೂ ನ್ಯಾಯಾಧೀಶರು ತೂಗುತ್ತಾರೆ. ಆದರೆ ತಕ್ಕಡಿಯಲ್ಲಿ ಮೊದಲು ಬೀಳುವ ಕಲ್ಲು ಮೊತ್ತದ್ದು.

ನನಗೆ ತುಂಬಾ ಹಿಡಿಸಿದ್ದು ದಂಡದ ಲೆಕ್ಕ. ಅದು ಇಷ್ಟು ಯೂರೊ ಅಂತಲ್ಲ, ಇಷ್ಟು ದಿನ ಅಂತ. ತಪ್ಪಿನ ತೂಕ ನೋಡಿ ದಿನಗಳನ್ನು ಎಣಿಸುತ್ತಾರೆ, ಐದರಿಂದ 360ರವರೆಗೆ. ಒಂದು ದಿನದ ದರವನ್ನು ನಿಮ್ಮ ಆದಾಯದಿಂದ ತೆಗೆಯುತ್ತಾರೆ: ತಿಂಗಳಿಗೆ ಕೈಗೆ ಬರುವ ಹಣವನ್ನು ಮೂವತ್ತರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಅದೇ. ತಿಂಗಳಿಗೆ 3,000 ಯೂರೊ ಬರುವವನಿಗೆ 60 ದಿನ ಅಂದರೆ 6,000. ಅವನ ಮಾಲೀಕನಿಗೆ 30,000 ಬರುತ್ತಿದ್ದರೆ ಅದೇ 60 ದಿನಕ್ಕೆ 60,000. ಕಟ್ಟದಿದ್ದರೆ ಜೈಲು, 2024ರಿಂದ ಎರಡು ದಿನದ ದಂಡಕ್ಕೆ ಒಂದು ದಿನದ ಸೆರೆ. 90 ದಿನದವರೆಗಿನ ದಂಡ, ಅದೊಂದೇ ಆಗಿದ್ದರೆ, ಕೆಲಸಕ್ಕೆ ಸೇರುವಾಗ ಕೊಡುವ ಪೊಲೀಸ್ ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ಅಲ್ಲಿನ ವಕೀಲರ ಗುದ್ದಾಟ ಎಷ್ಟೋ ಸಲ 90ಕ್ಕೋ 100ಕ್ಕೋ ಅನ್ನುವುದರ ಮೇಲೇ.

"ತಾನಾಗೇ ಒಪ್ಕೊಂಡ್ರೆ ಮಾಫಿನಾ?" ಅಂದರು ಮಾವ. ಹೌದು, ಆದರೆ ಒಪ್ಪಿಗೆ ಪೂರ್ತಿ ಇರಬೇಕು, ಇಲಾಖೆಗೆ ಸುಳಿವು ಸಿಗುವ ಮೊದಲೇ ಬರಬೇಕು. ಅರ್ಧ ಹೇಳಿದರೆ ಕೆಟ್ಟಿರಿ. ನಮ್ಮೂರಿನ ಫುಟ್‌ಬಾಲ್ ದೊರೆ, ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಆಗಿನ ಅಧ್ಯಕ್ಷ ಉಲಿ ಹೋನೆಸ್‌ಗೆ ಆಗಿದ್ದು ಅದೇ. ಸ್ವಿಸ್ ಖಾತೆಯ ವಿಷಯವನ್ನು ಅವರೇ ಬರೆದುಕೊಟ್ಟಿದ್ದರು, ಆದರೆ ಅದು ಅಪೂರ್ಣ. ದೋಷಾರೋಪದಲ್ಲಿ 35 ಲಕ್ಷ ಯೂರೊ ಇದ್ದದ್ದು, ನಾಲ್ಕು ದಿನದ ವಿಚಾರಣೆಯಲ್ಲಿ ಊದಿಕೊಂಡು 2.85 ಕೋಟಿ ಯೂರೊ ಆಯಿತು. ಸರ್ಕಾರಿ ವಕೀಲರು ಐದೂವರೆ ವರ್ಷ ಕೇಳಿದರು, 2014ರ ಮಾರ್ಚ್ 13ರಂದು ಕೋರ್ಟು ಮೂರೂವರೆ ವರ್ಷ ಕೊಟ್ಟಿತು. ಮೇಲ್ಮನವಿ ಹಾಕದೆ ಒಳಗೆ ಹೋದರು. ಅರ್ಧ ಶಿಕ್ಷೆ ಮುಗಿಸಿ ಹೊರಬಂದರು; ಅದೇ ವರ್ಷ ಕ್ಲಬ್ಬು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿತು. ಇದೊಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಾವ ನಕ್ಕು, ನಮ್ಮ ಹಳೇ ಕಾಯ್ದೆ ಓದಿದರೆ ಅದಕ್ಕಿಂತ ಖಾರವಾಗಿತ್ತು ಅಂದರು. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 276ಸಿ ಪ್ರಕಾರ ವಂಚಿಸಲು ನೋಡಿದ ಮೊತ್ತ 25 ಲಕ್ಷ ರೂಪಾಯಿ ಮೀರಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಏಳು ವರ್ಷ ಕಠಿಣ ಸಜೆ ಇತ್ತು. ಕಮ್ಮಿಯಿದ್ದರೆ ಮೂರು ತಿಂಗಳಿಂದ ಎರಡು ವರ್ಷ. ಮೇಲೆ ದಂಡ. ಹದಿನೆಂಟು ದಾಟಿದವರಿಗೆ, ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಡುವ ಪ್ರೊಬೇಷನ್ ಕಾಯ್ದೆಯ ರಿಯಾಯಿತಿಯೂ ಇರಲಿಲ್ಲ. ಮನಸ್ಸಿನಲ್ಲಿ ಕಪಟ ಇತ್ತು ಅಂತಲೇ ಕೋರ್ಟು ಹಿಡಿದುಕೊಳ್ಳುತ್ತಿತ್ತು, ಇರಲಿಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪಿಯದಾಗಿತ್ತು. "ಆದ್ರೆ ಅಲ್ಲೀವರ್ಗೂ ಹೋಗೋದೆಲ್ಲಿ? ಕಾಂಪೌಂಡಿಂಗ್ ಅರ್ಜಿ ಹಾಕಿ, ದುಡ್ಡು ಕಟ್ಟಿ, ಕೇಸು ಮುಗಿಸ್ಕೊಂಡು ಬರ್ತಾರೆ. ಟ್ರಿಬ್ಯುನಲ್‌ನಲ್ಲಿ ಪೆನಾಲ್ಟಿನೇ ಬಿದ್ದೋದ್ರೆ ಕ್ರಿಮಿನಲ್ ಕೇಸೂ ಬಿತ್ತು ಅಂತ ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ." ಅವರ ದನಿಯಲ್ಲಿ ಬೇಸರವೋ ವೃತ್ತಿಯ ಹೆಮ್ಮೆಯೋ, ಗೊತ್ತಾಗಲಿಲ್ಲ.

ಆಮೇಲೆ ಮದುವೆ ಕರೆಯೋಲೆಯೊಂದರ ಹಿಂದೆ ಪೆನ್ಸಿಲಿನಲ್ಲಿ ಏನೋ ಗೀಚತೊಡಗಿದರು. ತಮ್ಮ ಕಕ್ಷಿದಾರರೊಬ್ಬರ ದಿನದ ದರ ಎಷ್ಟಾಗಬಹುದು ಅಂತ ಲೆಕ್ಕ. ಮೂವತ್ತರಿಂದ ಭಾಗಿಸುವ ಮೊದಲು ತಲೆಯೆತ್ತಿ ಕೇಳಿದರು: "ರಿಟರ್ನ್‌ನಲ್ಲಿ ತೋರಿಸಿದ್ದನ್ನ ತಗೋಬೇಕಾ, ನಿಜವಾದ್ದನ್ನಾ?"

ತೋರಿಸದಿದ್ದರೆ ಜಡ್ಜೇ ಅಂದಾಜು ಮಾಡಿ ಹಾಕಬಹುದು ಅಂದೆ. ಮಾವ ಪೆನ್ಸಿಲ್ ಕೆಳಗಿಟ್ಟು, ಆರಿದ ಕಾಫಿಯನ್ನು ಬಿಸಿ ಮಾಡಿಕೊಂಡು ಬಾ ಅಂತ ಅಮ್ಮನಿಗೆ ಹೇಳಿದರು.